ಹೆಪ್ಪಿನ ಬಟ್ಟಲು ಬಿಟ್ಟುಕೊಟ್ಟವರು

ಲೋಕ ಇನ್ನೂ ಹಸಿಯಾಗಿತ್ತು. ಬೆಟ್ಟಗಳು ಕೂತ ಜಾಗದಲ್ಲಿ ಸರಿಯಾಗಿ ಕೂತಿರಲಿಲ್ಲ. ಯಾವ ಕಡೆ ಹರಿಯಬೇಕೆಂದು ಹೊಳೆಗೆ ದಿನಾ ಬೆಳಿಗ್ಗೆ ಅನುಮಾನ. ಗಾಳಿಯಂತೂ ಕಂಡವರ ಬಾಗಿಲಲ್ಲಿ ನಿಂತು ಹರಟೆ ಹೊಡೆಯುತ್ತಿತ್ತು. ಅಂಥ ಕಾಲದಲ್ಲಿ ಭೂಮವ್ವ ಮನುಷ್ಯರನ್ನು ಮಾಡಿದಳು.

ಹೇಗೆ ಮಾಡಿದಳು? ಮನೆಯಲ್ಲಿ ಮೊಸರು ಮಾಡುವ ಹಾಗೆಯೇ. ಒಂದೇ ಒಂದು ಚೂರು ಹೆಪ್ಪು ಹಾಕಿದಳು. ಅದು ಎರಡಾಯಿತು, ಎರಡು ನಾಲ್ಕಾಯಿತು, ನಾಲ್ಕು ಎಂಟಾಯಿತು, ನೋಡುನೋಡುತ್ತ ಒಂದು ಮೈ ತುಂಬುವಷ್ಟು ಸಣ್ಣ ಸಣ್ಣ ಮಂದಿ ಆದರು. ಈಗ ಶಾಲೆಯ ಪುಸ್ತಕದಲ್ಲಿ ಅವರನ್ನು ಜೀವಕೋಶ ಎನ್ನುತ್ತಾರೆ. ಆಗ ಅವರಿಗೆ ಕಣದ ಮಂದಿ ಎಂದು ಹೆಸರು. ಕರುಳಲ್ಲಿ ಕರುಳಿನ ಕಣದವರು, ಚರ್ಮದಲ್ಲಿ ಚರ್ಮದ ಕಣದವರು, ಎದೆಯಲ್ಲಿ ಎದೆಯ ಕಣದವರು. ಮೈಗೆ ಕಿವಿಯಿಟ್ಟರೆ ಅವರ ಮಾತು ಕೇಳುತ್ತಿತ್ತು.

ಭೂಮವ್ವ ಅವರೆಲ್ಲರ ಕೈಗೂ ಒಂದೊಂದು ಬಟ್ಟಲು ಹೆಪ್ಪು ಕೊಟ್ಟಳು. ಹಳಬರು ಸವೆದು ಹೋದರೆ ಆ ಹೆಪ್ಪಿನಿಂದ ಹೊಸಬರು ಆಗಬೇಕು. ಎಷ್ಟು ದಿನಕ್ಕೊಮ್ಮೆ? ಅದಕ್ಕೂ ಅವಳೇ ಒಂದು ಕಟ್ಟಳೆ ಮಾಡಿದಳು. ಊಟಕ್ಕೆ ಸಾಲಾಗಿ ಕೂತವರಲ್ಲಿ ಒಬ್ಬರ ಎಲೆಗೆ ತುಪ್ಪ, ಪಕ್ಕದವರ ಎಲೆಗೆ ಬರೀ ತಿಳಿಸಾರು ಬಡಿಸುವುದು ಪಂಕ್ತಿಭೇದ. ಅದಕ್ಕಿಂತ ದೊಡ್ಡ ಪಾಪ ಇಲ್ಲವೆಂದು ಅವಳ ನಂಬಿಕೆ. ಆದ್ದರಿಂದ ಎಲ್ಲರಿಗೂ ಒಂದೇ ಅಳತೆ. ತಿಂಗಳಿಗೊಮ್ಮೆ, ಅಮಾವಾಸ್ಯೆಗೆ, ಎಲ್ಲರೂ ಒಟ್ಟಿಗೆ ಹೆಪ್ಪು ಹಾಕಬೇಕು. ಹೊಸಬರು ಬಂದು ಕೂರಬೇಕು, ಹಳಬರು ಎದ್ದು ಹೋಗಬೇಕು. ಹೆಚ್ಚಿಲ್ಲ, ಕಡಿಮೆಯಿಲ್ಲ.

ಎಂಥ ನ್ಯಾಯವಾದ ಕಟ್ಟಳೆ ಎಂದು ಬೆಟ್ಟ ಹೊಗಳಿತು, ಹೊಳೆ ಹೊಗಳಿತು. ಹೊಗಳದೆ ಉಳಿದವಳು ಮಾಳವ್ವ ಒಬ್ಬಳೇ.

ಮಾಳವ್ವ ಹೊಳೆದಂಡೆಯ ಹೆಂಗಸು. ಯಾರೂ ಹೇಳಿಕೊಡದೆ ಒಲೆ ಹೂಡಿದವಳು, ಯಾರ ಕೈಯನ್ನೂ ಕಾಯದೆ ಬಂಡೆ ಕೊರೆದು ಒರಳು ಮಾಡಿಕೊಂಡವಳು. ಅವಳಿಗೆ ಒಬ್ಬಳೇ ಮಗಳು, ಕೆಂಚಿ.

ಆ ಕಾಲದಲ್ಲಿ ಒಂದು ವಿಚಿತ್ರ ನಡೆಯುತ್ತಿತ್ತು. ಅಮಾವಾಸ್ಯೆ ಕಳೆದು ಬೆಳಗಾದರೆ ಯಾರಿಗೂ ಯಾರ ಗುರುತೂ ಇರುತ್ತಿರಲಿಲ್ಲ. ಮಾತು ಹೇಗೋ ನಾಲಿಗೆಗೆ ಅಂಟಿಕೊಂಡು ಉಳಿಯುತ್ತಿತ್ತು. ಮಿಕ್ಕಿದ್ದೆಲ್ಲ ಮರೆತು ಹೋಗುತ್ತಿತ್ತು. ಗಂಡ ಹೆಂಡತಿಯನ್ನು ನೋಡಿ ಯಾವ ಊರಾಯಿತಮ್ಮ ಎಂದು ಕೇಳುತ್ತಿದ್ದ. ಅರ್ಧ ಕಟ್ಟಿದ ಗೋಡೆಯ ಮುಂದೆ ನಿಂತು, ಈ ಕಲ್ಲುಗಳನ್ನು ಇಲ್ಲಿ ಯಾರು ಪೇರಿಸಿದರು ಎಂದು ಕಟ್ಟಿದವರೇ ತಲೆ ಕೆರೆದುಕೊಳ್ಳುತ್ತಿದ್ದರು. ಒಂದು ತಿಂಗಳು ಕಲಿತದ್ದು ಮುಂದಿನ ತಿಂಗಳಿಗೆ ಇಲ್ಲ. ಬದುಕೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ.

ಅದಕ್ಕಾಗಿಯೇ ಒಂದು ವಾಡಿಕೆ ಇತ್ತು. ಅಮಾವಾಸ್ಯೆಯ ಸಂಜೆ ಎಲ್ಲರೂ ಗೊರವಂಕ ಹಕ್ಕಿಯ ಮರದ ಕೆಳಗೆ ಹೋಗಿ ತಮ್ಮ ತಮ್ಮ ಸಂಗತಿ ಹೇಳಿ ಬರುವುದು. ಹಳದಿ ಕಾಲಿನ ಆ ಹಕ್ಕಿ ಊರಿನ ವಾಡಿಕೆಯನ್ನೂ ಸೇರಿಸಿ ಎಲ್ಲವನ್ನೂ ಬಾಯಿಪಾಠ ಮಾಡಿಕೊಂಡು, ಬೆಳಿಗ್ಗೆ ಒಂದೊಂದೇ ಮನೆಯ ಮುಂದೆ ಕೂತು ಒಪ್ಪಿಸುವುದು. ಮಾಳವ್ವನ ಮನೆಯ ಮುಂದೆ ಅದು ಹೇಳುತ್ತಿದ್ದುದು ಹೀಗೆ: "ನೀನು ಮಾಳವ್ವ. ಇವಳು ಕೆಂಚಿ, ನಿನ್ನ ಮಗಳು. ತಲೆ ಬಾಚಿದರೆ ಅಳುತ್ತಾಳೆ. ಹಾಲಿನಲ್ಲಿ ಕೆನೆ ಇದ್ದರೆ ಮುಟ್ಟುವುದಿಲ್ಲ. ಆ ತೂತಿನ ಕಲ್ಲಿಗೆ ಒರಳು ಅಂತಾರೆ, ನೀನೇ ಮಾಡಿದ್ದು."

ಮಾಳವ್ವ ಕೇಳಿಸಿಕೊಳ್ಳುತ್ತಿದ್ದಳು. ಕೇಳುತ್ತ ಕೇಳುತ್ತ ಅವಳ ಮುಖ ಬಿಗಿಯುತ್ತಿತ್ತು. ಹೆತ್ತ ಮಗಳನ್ನು ಹಕ್ಕಿಯ ಬಾಯಿಂದ ತಿಳಿಯಬೇಕಾದ ಬಾಳು ಅವಳಿಗೆ ಒಗ್ಗಲಿಲ್ಲ.

ಇನ್ನೊಂದು ವಾಡಿಕೆಯೂ ಇತ್ತು. ಹುಣ್ಣಿಮೆ ಕಳೆದ ಮೇಲೆ ಯಾರ ಮನೆಯಲ್ಲೂ ಖಾರ ಅರೆಯುತ್ತಿರಲಿಲ್ಲ. ಅಷ್ಟು ಹೊತ್ತಿಗೆ ಎಲ್ಲರ ಕರುಳೂ ಸವೆದು ತೆಳ್ಳಗಾಗಿರುತ್ತಿತ್ತು. ಬರೀ ಗಂಜಿ. ಅದೂ ತಣ್ಣಗೆ.

ಹೀಗಿರುವಾಗ ಒಂದು ಅಮಾವಾಸ್ಯೆಗೆ ಗಾಳಿ ಹುಚ್ಚೆದ್ದು ಬೀಸಿತು. ಗೊರವಂಕ ಗೂಡಿನ ಸಮೇತ ಆಚೆ ದಡಕ್ಕೆ ಹಾರಿಹೋಯಿತು. ಬೆಳಿಗ್ಗೆ ಅದು ರೆಕ್ಕೆ ಒದರಿಕೊಂಡು ಹೊಳೆ ದಾಟಿ ಬರುವುದು ತಡವಾಯಿತು.

ಇತ್ತ ಕೆಂಚಿ ಕಣ್ಣು ಬಿಟ್ಟಳು. ಪಕ್ಕದಲ್ಲಿ ಯಾವಳೋ ದಪ್ಪ ಹುಬ್ಬಿನ ಹೆಂಗಸು. ಆ ಹೆಂಗಸೂ ಕಣ್ಣು ಬಿಟ್ಟಳು. ಪಕ್ಕದಲ್ಲಿ ಯಾರದೋ ಮಗು. ಯಾರೇ ನೀನು ಎಂದು ಆ ಹೆಂಗಸು ಒರಟಾಗಿ ಕೇಳಿದ್ದೇ ತಡ, ಕೆಂಚಿ ಹೆದರಿ ಎದ್ದು ಓಡಿದಳು. ಹೊಳೆಯ ಬಂಡೆಗಳ ಮೇಲೆ ಕಾಲು ಜಾರಿತು. ಮಂಡಿ ಸೀಳಿತು.

ಗೊರವಂಕ ಏದುಸಿರು ಬಿಡುತ್ತ ಬಂದು ಪಾಠ ಒಪ್ಪಿಸುವ ಹೊತ್ತಿಗೆ ಎಲ್ಲ ಮುಗಿದಿತ್ತು. ಮಾಳವ್ವ ಓಡಿಹೋಗಿ ಮಗುವನ್ನು ಎತ್ತಿಕೊಂಡು ಬಂದಳು.

ಗಾಯ ತೊಳೆದಳು, ಸೊಪ್ಪು ಅರೆದು ಕಟ್ಟಿದಳು. ಗಾಯ ಕೂಡಲಿಲ್ಲ. ಹೇಗೆ ಕೂಡೀತು? ಚರ್ಮದ ಕಣದವರು ಹೆಪ್ಪಿನ ಬಟ್ಟಲು ಹಿಡಿದು ಗಾಯದ ಅಂಚಿನಲ್ಲಿ ಸಾಲಾಗಿ ನಿಂತಿದ್ದರು. ಅಮಾವಾಸ್ಯೆ ಬರಬೇಕಲ್ಲ. ದಿನ ಕಳೆದಂತೆ ಗಾಯ ಕೀವು ತುಂಬಿತು, ಮೈ ಕಾದಿತು. ಹುಣ್ಣಿಮೆ ಕಳೆಯಿತು. ಕರುಳು ಸವೆಯಿತು. ಕೆಂಚಿಯ ಹೊಟ್ಟೆಯಲ್ಲಿ ತಣ್ಣನೆ ಗಂಜಿಯೂ ನಿಲ್ಲದಾಯಿತು.

ಆ ದಿನಗಳಲ್ಲಿ ತಾಯಿ ಮಗಳಿಗೆ ಮತ್ತೆ ಗುರುತು ಕೂಡಿತ್ತು. ಮಾಳವ್ವ ರಾತ್ರಿ ಹಗಲು ಪಕ್ಕ ಬಿಟ್ಟು ಕದಲಲಿಲ್ಲ. ಒಂದು ಮಧ್ಯಾಹ್ನ ಕೆಂಚಿ ಅವಳ ಸೆರಗು ಹಿಡಿದುಕೊಂಡು ಮೆಲ್ಲಗೆ ಕೇಳಿದಳು:

"ಅವ್ವ, ಮುಂದಿನ ಅಮಾಸೆಗೆ ಮತ್ತೆ ನಿನ್ನ ಕಂಡು ಓಡಿಹೋಗ್ತೀನಾ?"

 ಅಮಾವಾಸ್ಯೆ ಬೇಗ ಬಾರದಿದ್ದರೆ ಮಗಳು ಉಳಿಯುವುದಿಲ್ಲ. ಅಮಾವಾಸ್ಯೆ ಬಂದರೆ ಮಗಳಿಗೆ ತಾಯಿ ಉಳಿಯುವುದಿಲ್ಲ. ಮಾಳವ್ವ ಸೆರಗು ಬಿಡಿಸಿಕೊಂಡು ಎದ್ದಳು, ಮಗುವನ್ನು ನೋಡಿಕೋ ಎಂದು ಗೊರವಂಕಕ್ಕೆ ಹೇಳಿದಳು, ನೆಟ್ಟಗೆ ಭೂಮವ್ವ ವಾಸವಿದ್ದ ಹುತ್ತದ ಕಡೆಗೆ ನಡೆದಳು.

ದಾರಿಯಲ್ಲಿ ಗಾಳಿ ಜೊತೆಯಾಯಿತು. ಭೂಮವ್ವನ ಕಟ್ಟಳೆಯನ್ನು ಬೆಟ್ಟವೇ ಪ್ರಶ್ನಿಸಿಲ್ಲ, ನೀನು ಯಾವ ಗಿಡದ ತೊಪ್ಪಲು ಎಂದಿತು. ಗೂಡು ಹಾರಿಸಿದ ಬಾಯಿ ಮಾತಾಡಬಾರದು ಎಂದಳು ಮಾಳವ್ವ. ಗಾಳಿ ತೆಪ್ಪಗಾಯಿತು.

ಭೂಮವ್ವ ಹುತ್ತದ ನೆರಳಲ್ಲಿ ಕೂತು ಬೀಜ ಆರಿಸುತ್ತಿದ್ದಳು. ಬಾ ಮಗಳೇ ಎಂದಳು, ನೀರು ಕೊಟ್ಟಳು, ಕತೆಯನ್ನೆಲ್ಲ ತಾಳ್ಮೆಯಿಂದ ಕೇಳಿದಳು. ಕೊನೆಗೆ ತಲೆಯಾಡಿಸಿದಳು. ಕರುಳಿಗೊಂದು ಅಳತೆ, ಬುದ್ಧಿಗೊಂದು ಅಳತೆ ಮಾಡಲಾರೆ ಎಂದಳು. ತನ್ನ ಪಂಕ್ತಿಯಲ್ಲಿ ಯಾರೂ ಮೇಲಿಲ್ಲ, ಯಾರೂ ಕೆಳಗಿಲ್ಲ. ಇವತ್ತು ನಿನ್ನ ಮಗಳಿಗೆಂದು ಸೌಟು ಹೆಚ್ಚು ಕಡಿಮೆ ಮಾಡಿದರೆ ನಾಳೆ ನನ್ನ ಮುಖ ನಾನೇ ನೋಡಿಕೊಳ್ಳಲಾರೆ ಎಂದಳು.

ಮಾಳವ್ವ ಕಾಲಿಗೆ ಬೀಳುವ ಹೆಂಗಸಲ್ಲ. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿಕೊಂಡು ಕೂತಳು.

"ನೀನು ಬಡಿಸಿದ್ದು ಒಂದೇ ಸೌಟು, ಒಪ್ಪಿದೆ ತಾಯಿ. ಉಣ್ಣೋರ ಹಸಿವು ಒಂದೇ ಏನು? ನನ್ನ ಮನೇಲಿ ಪೊರಕೆಯೂ ಅದೆ, ಒರಳೂ ಅದೆ. ಪೊರಕೆ ದಿನಾ ಕಸ ಗುಡಿಸ್ತದೆ, ಸವೀತದೆ, ಹೊಸದು ಕಟ್ತೀನಿ. ಹಂಗಂತ ಒರಳನ್ನೂ ತಿಂಗಳಿಗೊಂದು ಸಲ ಒಡೆದು ಕೊರೀತಾ ಕೂತರೆ ಹಿಟ್ಟು ಯಾವತ್ತು ರುಬ್ಬಲಿ?"

ಭೂಮವ್ವ ಆರಿಸುತ್ತಿದ್ದ ಬೀಜ ಕೈಯಲ್ಲೇ ಉಳಿಯಿತು.

ಬಾಣಂತಿಗೆ ಎರಡು ಸೌಟು ಹಾಕುತ್ತೀಯಲ್ಲ, ಜ್ವರದವನಿಗೆ ಗಂಜಿ ಕೊಡುತ್ತೀಯಲ್ಲ, ಅದು ಪಂಕ್ತಿಭೇದವೇ ಎಂದು ಮಾಳವ್ವ ಬಿಡದೆ ಕೇಳಿದಳು. ಬೆಟ್ಟ ಕೆಮ್ಮಿತು. ಹೊಳೆ ಹರಿಯುವುದನ್ನು ನಿಲ್ಲಿಸಿ ಕೇಳಿಸಿಕೊಂಡಿತು.

ಭೂಮವ್ವ ಕೈಯಲ್ಲಿದ್ದ ಬೀಜವನ್ನು ಕೆಳಗಿಟ್ಟಳು. ಅವಳಿಗೆ ಸಿಟ್ಟು ಬರಲಿಲ್ಲ. ಹಿಟ್ಟು ರುಬ್ಬಿ ಗೊತ್ತಿದ್ದವರ ಮಾತು ಅವಳಿಗೆ ತಿಳಿಯುತ್ತದೆ.

"ನಾನು ಹೆಪ್ಪಿಗೆ ಅಂತ ಕಾಯಿಸಿಟ್ಟಿರೋ ಹಾಲು ಇಷ್ಟೇ ಕಣೆ" ಎಂದಳು. "ಒಬ್ಬರು ಹೆಚ್ಚು ಉಂಡರೆ ಇನ್ನೊಬ್ಬರು ಎಲೆ ಬಿಟ್ಟು ಏಳಬೇಕು. ಏಳು ಅಂತ ನನ್ನ ಬಾಯಿಂದ ನಾನು ಯಾರಿಗೂ ಅನ್ನೋದಿಲ್ಲ. ಕಣದ ಮಂದಿ ಅವರವರೇ ಹೇಳಲಿ. ಹೋಗು, ಮಗೂನ ಬರೀ ನೆಲದ ಮೇಲೆ ಮಲಗಿಸು. ನಾನು ಕೆಳಗಿಂದ ಕೇಳ್ತೀನಿ."

ಮಾಳವ್ವ ಮನೆಗೆ ಬಂದು ಚಾಪೆ ಸರಿಸಿದಳು. ಕೆಂಚಿಯನ್ನು ಮಣ್ಣಿನ ನೆಲದ ಮೇಲೆ ಮಲಗಿಸಿ, ಅವಳ ಹೊಟ್ಟೆಗೆ ಕಿವಿಯಿಟ್ಟಳು.

ಕರುಳಿನ ಕಣದವರು ಬಾಯಿಬಡುಕರು. ಯಾರಿಗೆ ಎಷ್ಟು ಬೇಕೆಂದು ಮಾಳವ್ವ ಕೇಳಿದ್ದೇ ಸಾಕು, ಎಲ್ಲರೂ ಒಟ್ಟಿಗೆ ಶುರುಮಾಡಿದರು. ತಮ್ಮದು ಅಗಸನ ಕಲ್ಲಿನ ಬಾಳು ಎಂದರು. ಹುಳಿ ಬಂದರೂ ತಮ್ಮ ಮೇಲೆ, ಖಾರ ಬಂದರೂ ತಮ್ಮ ಮೇಲೆ. ಕೆಲಸಕ್ಕೆ ಕೂತ ಎರಡು ಮೂರು ದಿನಕ್ಕೇ ಹರಿದ ಬಟ್ಟೆಯ ಹಾಗಾಗುತ್ತೇವೆ, ಆಮೇಲೆ ಅಮಾವಾಸ್ಯೆ ಬರುವ ತನಕ ಚಿಂದಿಯಲ್ಲೇ ದುಡಿಯುತ್ತೇವೆ ಎಂದರು. ವಾರ ತಿರುಗುವುದರೊಳಗೆ ಹೊಸಬರು ಬರುವ ಹಾಗಿದ್ದರೆ ಈ ಹುಡುಗಿಗೆ ಕಲ್ಲು ತಿಂದು ಕಲ್ಲು ಅರಗಿಸುವ ಹೊಟ್ಟೆ ಮಾಡಿಕೊಡುತ್ತೇವೆ ಎಂದು ಜಂಬವನ್ನೂ ಕೊಚ್ಚಿದರು.

ಚರ್ಮದವರು ಅಷ್ಟು ಮಾತಿನವರಲ್ಲ. ಅವರು ಹೊರಗೋಡೆಯ ಕಾವಲಿನವರು. ಬಿಸಿಲು, ಮುಳ್ಳು ಅವರಿಗೆ ಅಭ್ಯಾಸ. ಸುಮ್ಮನಿರುವ ಕಾಲಕ್ಕೆ ತಿಂಗಳಿಗೊಮ್ಮೆ ಸಾಕೇ ಸಾಕು ಎಂದರು. ಗೋಡೆ ಒಡೆದ ದಿನ ಮಾತ್ರ ಚಂದ್ರನ ಮುಖ ನೋಡುತ್ತ ನಿಲ್ಲಿಸಬೇಡಿ ಎಂದರು.

ಅಷ್ಟರಲ್ಲಿ ಯಾರೋ ಕಿಲಕಿಲ ನಕ್ಕು ಓಡಿಹೋದ ಹಾಗಾಯಿತು. ರಕ್ತದ ಕೆಂಪು ಕಣದವರು. ಉಸಿರಿನ ಮೂಟೆ ಹೊರುವ ಹಮಾಲಿಗಳು ಅವರು, ನಿಂತು ಮಾತಾಡುವ ಪುರುಸೊತ್ತಿಲ್ಲ. ಓಡುತ್ತಲೇ ಹೇಳಿದರು, ನಮಗೆ ಹೆಪ್ಪಿನ ಬಟ್ಟಲೇ ಬೇಡ, ಅದಿರುವ ಜಾಗದಲ್ಲಿ ಇನ್ನೊಂದು ಹಿಡಿ ಉಸಿರು ಹಿಡಿಸುತ್ತದೆ ಎಂದು. ಬಟ್ಟಲಿಲ್ಲದೆ ನಿಮ್ಮ ವಂಶ ಹೇಗ್ರಪ್ಪ ಎಂದು ಮಾಳವ್ವ ಕೇಳಿದಳು. ಮೂಳೆಯೊಳಗೆ ನಮ್ಮ ತವರಿದೆ, ಬಟ್ಟಲು ಅಲ್ಲಿರಲಿ, ನಾವು ನಾಲ್ಕು ತಿಂಗಳು ದುಡಿದು ಬಿದ್ದರೆ ತವರಿನವರು ಹೊಸಬರನ್ನು ಕಳಿಸುತ್ತಾರೆ ಎಂದು ಅವರು ತಿರುವಿನಲ್ಲಿ ಮರೆಯಾದರು.

ಪಿತ್ತಜನಕಾಂಗದ ದಪ್ಪ ಮಂದಿ ಗೋಡೆಗೊರಗಿ ಕೂತಿದ್ದರು. ವರ್ಷಕ್ಕೊಂದು ಸಲವಾದರೂ ನಡೆಯುತ್ತದೆ, ನಮಗೇನು ಅವಸರ ಎಂದು ಆಕಳಿಸಿದರು. ಮೂಳೆಯವರು ಇನ್ನೂ ನಿಧಾನ.

ಆಮೇಲೆ ಮಾಳವ್ವ ಎದೆಗೆ ಕಿವಿಯಿಟ್ಟಳು. ಅಲ್ಲಿ ಡೋಲು ಬಡಿಯುತ್ತಿತ್ತು. ಎದೆಯ ಕಣದವರು ಎರಡು ಪೆಟ್ಟಿನ ನಡುವೆ ಒಂದೊಂದೇ ಮಾತು ಹೇಳಿದರು. ಹೆಪ್ಪು ಹಾಕಲು. ಡೋಲು ಕೆಳಗಿಡಬೇಕು. ಡೋಲು ನಿಂತರೆ. ಇವಳು ನಿಲ್ಲುತ್ತಾಳೆ. ಪ್ರತಿ ಅಮಾವಾಸ್ಯೆಗೂ ಎಷ್ಟೋ ಮುದುಕರ ಎದೆ ಮತ್ತೆ ಬಡಿಯದೆ ಉಳಿಯುವುದು ಏಕೆಂದು ಮಾಳವ್ವನಿಗೆ ಆಗ ತಿಳಿಯಿತು. ತಮ್ಮ ಬಟ್ಟಲಲ್ಲಿ ತಳಕ್ಕೆ ಅಂಟಿದ ಒಂದು ತೊಟ್ಟು ಸಾಕು, ಮಿಕ್ಕಿದ್ದನ್ನು ಕರುಳಿನವರಿಗೆ ಕೊಡಿ ಎಂದರು ಅವರು. ಒಂದು ಪೆಟ್ಟೂ ತಪ್ಪಿಸಲಿಲ್ಲ.

ಆದರೂ ಹಾಲು ಸಾಲದು ಎಂದು ನೆಲದ ಕೆಳಗಿಂದ ಭೂಮವ್ವ ಹೇಳಿದಳು. ಕರುಳಿನವರು ಕೇಳಿದ್ದು ಬಹಳ. ಇನ್ನೂ ಯಾರಾದರೂ ಏಳಬೇಕು.

ಎಲ್ಲರೂ ತಮ್ಮ ತಮ್ಮ ಬಟ್ಟಲು ನೋಡಿಕೊಂಡರು. 

ಮಾಳವ್ವ ಮಗಳ ಹಣೆಗೆ ಕಿವಿಯಿಟ್ಟಳು. ಮಿದುಳಿನ ಕಣದವರು ಅದುವರೆಗೆ ಬಾಯಿ ಬಿಟ್ಟಿರಲಿಲ್ಲ. ಅವರು ಕತ್ತಲೆಯಲ್ಲಿ ಒಬ್ಬರ ಕೈ ಒಬ್ಬರು ಹಿಡಿದುಕೊಂಡು ಕೂತಿದ್ದರು. ಒಬ್ಬೊಬ್ಬರಿಗೆ ಎಷ್ಟೆಷ್ಟೋ ಕೈ. ಆ ಕೈ ಕೈಗಳ ನಡುವೆಯೇ ಹಾಲಿನ ಕೆನೆ, ಒರಳಿನ ಸದ್ದು, ಅವ್ವನ ದಪ್ಪ ಹುಬ್ಬು ಎಲ್ಲ ಇತ್ತು. ಅಮಾವಾಸ್ಯೆ ಬಂದರೆ ಹೆಪ್ಪು ಹಾಕಲು ಕೈ ಬಿಡಬೇಕು. ಹೊಸದಾಗಿ ಬಂದವರಿಗೆ ಯಾರ ಕೈ ಹಿಡಿಯಬೇಕೆಂದು ಗೊತ್ತಿರುವುದಿಲ್ಲ. ಮರೆವು ಎಂದರೆ ಅಷ್ಟೇ.

ಅವರಲ್ಲೊಬ್ಬ ಹಿರಿಯಳು ಕೇಳಿದಳು: "ನಮ್ಮ ಬಟ್ಟಲು ಕೊಟ್ಟುಬಿಟ್ಟರೆ ನಾವು ಕೈ ಬಿಡಬೇಕಾಗಿಲ್ಲವಾ?"

"ಬೇಕಾಗಿಲ್ಲ" ಎಂದಳು ಭೂಮವ್ವ.

"ನಮ್ಮಲ್ಲಿ ಒಬ್ಬರು ಬಿದ್ದುಹೋದರೆ?"

"ಆ ಜಾಗ ಖಾಲಿ. ಯಾರೂ ಬರೋದಿಲ್ಲ. ನಿಮಗೆ ಈ ಹುಡುಗಿಯಷ್ಟೇ ಆಯಸ್ಸು, ಒಂದೇ ಸಲ."

ಕತ್ತಲೆಯಲ್ಲಿ ಒಂದು ಕೈ ಇನ್ನೊಂದು ಕೈಯನ್ನು ಒತ್ತಿಕೊಂಡ ಸದ್ದು ಮಾಳವ್ವನಿಗೆ ಕೇಳಿಸಿತು.  ಬಟ್ಟಲು ಕೊಡಿ ಎಂದು ಬೇಡುವ ಹಕ್ಕು ತನಗಿಲ್ಲವೆಂದು ಅವಳಿಗೆ ಗೊತ್ತಿತ್ತು. ಹಣೆಗೆ ಕಿವಿ ಒತ್ತಿಕೊಂಡು ಕಾದಳು.

"ನನ್ನ ಕೈಯಲ್ಲಿ ಒಂದು ಮುಖ ಅದೆ" ಎಂದಳು ಆ ಹಿರಿಯಳು ಕೊನೆಗೆ. "ಹುಬ್ಬು ದಪ್ಪ, ಮಾತು ಒರಟು, ಕೈ ಮಾತ್ರ ಮೆತ್ತಗೆ. ಬರೋ ಅಮಾಸೆಗೆ ಅದನ್ನ ನೆಲಕ್ಕೆ ಹಾಕೋಕೆ ನನಗೆ ಮನಸಿಲ್ಲ. ತಗೊಳ್ಳಿ ಬಟ್ಟಲು."

ಒಂದರ ಹಿಂದೆ ಒಂದು, ಮಿದುಳಿನ ಕೇರಿಯಿಂದ ಹೆಪ್ಪಿನ ಬಟ್ಟಲುಗಳು ಕೈ ಬದಲಾಗುತ್ತ ಕೆಳಗಿಳಿದವು. ಕರುಳಿನ ಬಾಯಿಬಡುಕರು ಎರಡೂ ಕೈಯೊಡ್ಡಿ ತೆಗೆದುಕೊಂಡರು. ಈ ಸಲ ಜಂಬ ಕೊಚ್ಚಲಿಲ್ಲ.

ಭೂಮವ್ವ ಒಂದೇ ಒಂದು ಷರತ್ತು ಹಾಕಿದಳು. ಅವರವರು ಒಪ್ಪಿದ ಪಾಲು ಅವರವರಿಗೆ. ಪಾಲು ಮೀರಿ ಉಣ್ಣಲು ಕೂತವನು ತಾನೂ ಕೆಡುತ್ತಾನೆ, ಪಂಕ್ತಿಯನ್ನೂ ಕೆಡಿಸುತ್ತಾನೆ, ಎಚ್ಚರ ಎಂದಳು. ಎಲ್ಲ ಮನುಷ್ಯರೂ ಒಂದೇ ಹೆಪ್ಪಿನಿಂದ ಆದವರು. ಆದ್ದರಿಂದ ಈ ಒಂದು ಮೈಯಲ್ಲಿ ಆದ ಒಪ್ಪಂದ ಎಲ್ಲ ಮೈಗೂ ಸಂದಿತು.

ಅವತ್ತು ಸಂಜೆ ಕೆಂಚಿ ಒಂದು ಬಟ್ಟಲು ಗಂಜಿ ಕುಡಿದಳು. ಹೊಟ್ಟೆಯಲ್ಲಿ ನಿಂತಿತು. ಎರಡು ದಿನ ಬಿಟ್ಟು ಉಪ್ಪಿನಕಾಯಿ ಕೇಳಿದಳು. ಮಂಡಿಯ ಗಾಯ ಅಂಚಿನಿಂದ ಒಳಗೆ ಒಳಗೆ ಕೂಡುತ್ತ ಬಂತು, ಮೇಲೆ ಒಂದು ಕಂದು ಹಕ್ಕಳೆ ಕಟ್ಟಿತು. ಅವಳು ಅದನ್ನು ಉಗುರಿನಿಂದ ಕೀಳುವುದು, ಮಾಳವ್ವ ಕೈಮೇಲೆ ಹೊಡೆಯುವುದು ದಿನಾ ನಡೆಯಿತು.

ಅಮಾವಾಸ್ಯೆ ಬಂತು. ಊರಿನವರು ಒಪ್ಪಂದವನ್ನು ನಂಬಲಿಲ್ಲ. ವಾಡಿಕೆಯಂತೆ ಸಾಲುಗಟ್ಟಿ ಗೊರವಂಕದ ಮರದ ಕೆಳಗೆ ಹೋಗಿ ತಮ್ಮ ತಮ್ಮ ಸಂಗತಿ ಹೇಳಿ ಬಂದರು. ಮಾಳವ್ವ ಹೋಗಲಿಲ್ಲ. ಗೊರವಂಕವೇ ಮನೆಗೆ ಬಂತು, ಬೆಳಿಗ್ಗೆ ಈ ಮಗು ಮತ್ತೆ ಓಡಿದರೆ ನನ್ನನ್ನು ದೂರಬೇಡ ಎಂದು ಗದರಿತು. ಮಾಳವ್ವ ಅದಕ್ಕೆ ನಾಲ್ಕು ಕಾಳು ಹಾಕಿ ಕಳಿಸಿದಳು. ಹೋದ ಮೇಲೆ ಬಾಗಿಲ ಬಳಿ ತುಸು ಹೊತ್ತು ನಿಂತಿದ್ದಳು. ಕೂಗಿ ಕರೆದುಬಿಡೋಣ ಎಂದು ಬಾಯಿ ತೆರೆದಳು. ಮತ್ತೆ ಮುಚ್ಚಿದಳು.

ಬೆಳಗಾಯಿತು. ಮಾಳವ್ವನಿಗೆ ಮೊದಲು ಎಚ್ಚರವಾಯಿತು. ಮೂಲೆಯಲ್ಲಿ ತೂತಿನ ಕಲ್ಲು ಇತ್ತು. ಒರಳು, ನಾನೇ ಮಾಡಿದ್ದು ಎಂದುಕೊಂಡಳು. ಹೊರಗೆ ತಾನು ಕಟ್ಟುತ್ತಿದ್ದ ಅರ್ಧ ಗೋಡೆ ಕಂಡಿತು. ಇನ್ನು ನಾಲ್ಕು ಸಾಲು ಕಲ್ಲು ಬೇಕು ಎಂದು ನೆನಪಾಯಿತು. ತನ್ನ ಮಟ್ಟಿಗೆ ಸರಿ. ಅವಳು ಪಕ್ಕಕ್ಕೆ ತಿರುಗಿದಳು. ಕೆಂಚಿ ಇನ್ನೂ ಮಲಗಿದ್ದಳು.

ಗೊರವಂಕ ಅಂಗಳಕ್ಕೆ ಬಂದು ಗಂಟಲು ಸರಿಮಾಡಿಕೊಂಡಿತು. ಮಾಳವ್ವ ತುಟಿಯ ಮೇಲೆ ಬೆರಳಿಟ್ಟಳು. ಹಕ್ಕಿ ಕೊಕ್ಕು ತೆರೆದುಕೊಂಡು ಹಾಗೇ ಕೂತಿತು.

ಕೆಂಚಿ ಕಣ್ಣು ಬಿಟ್ಟಳು. ಎದುರಿಗಿದ್ದ ಮುಖವನ್ನು ನೋಡಿದಳು. ದಪ್ಪ ಹುಬ್ಬು. ನೋಡಿದಳು, ನೋಡಿದಳು. 

"ಅವ್ವ" ಎಂದಳು ಕೆಂಚಿ, "ಇವತ್ತು ತಲೆ ಬಾಚಬೇಡ."

ಮಾಳವ್ವ ಗೋಡೆಯ ಕಡೆ ಮುಖ ತಿರುಗಿಸಿಕೊಂಡಳು. ಅವತ್ತು ಅವಳು ಮಗಳ ತಲೆ ಬಾಚಲಿಲ್ಲ.

ಆ ಗೋಡೆ ಪೂರ್ತಿಯಾಯಿತು. ಅದರ ಮೇಲೆ ಸೂರು ಬಂತು. ಕಲಿತದ್ದು ಮರೆಯದೆ ಉಳಿಯುತ್ತ ಹೋದ ಹಾಗೆ ಮನುಷ್ಯರು ನೇಗಿಲು ಮಾಡಿದರು, ಹಾಡು ಕಟ್ಟಿದರು. ವರ್ಷಗಳು ಉರುಳಿದವು. ಮಾಳವ್ವ ಹಣ್ಣು ಮುದುಕಿಯಾದಳು. ಅವಳ ಮಿದುಳಿನ ಕೇರಿಯಲ್ಲಿ ಅಲ್ಲೊಂದು ಇಲ್ಲೊಂದು ಜಾಗ ಖಾಲಿಯಾಯಿತು. ಸೌಟು ಎಲ್ಲಿಟ್ಟೆ ಎಂದು ಹುಡುಕುವಳು, ಉಂಡದ್ದನ್ನು ಮರೆತು ಇನ್ನೊಮ್ಮೆ ಎಲೆ ಹಾಕು ಎನ್ನುವಳು. ಕೆಲವು ಬೆಳಿಗ್ಗೆ ಪಕ್ಕದಲ್ಲಿರುವವಳು ಯಾರೆಂದು ತಿಳಿಯದೆ ಮಿಕಮಿಕ ನೋಡುವಳು. ಆಗ ಕೆಂಚಿ ಅವಳ ಕೈ ಹಿಡಿದುಕೊಂಡು ನಿಧಾನವಾಗಿ ಹೇಳುವಳು: "ನೀನು ಮಾಳವ್ವ. ನಾನು ಕೆಂಚಿ, ನಿನ್ನ ಮಗಳು. ಆ ಒರಳು ನೀನೇ ಮಾಡಿದ್ದು." ಮುದುಕಿಯ ಹುಬ್ಬು ಸಡಿಲವಾಗುತ್ತಿತ್ತು.

ಅದಕ್ಕೇ ಮಗು, ಇವತ್ತಿಗೂ ನಿನ್ನ ಮಂಡಿ ತರಚಿದರೆ ಹಕ್ಕಳೆ ಉದುರಿ ಹೊಸ ಚರ್ಮ ಬರುತ್ತದೆ, ನಿನ್ನ ಹೊಟ್ಟೆ ಹುಳಿ ಖಾರ ಎಲ್ಲವನ್ನೂ ತಾಳಿಕೊಳ್ಳುತ್ತದೆ, ಅಜ್ಜಿ ಮರೆತದ್ದನ್ನು ಮಾತ್ರ ನಾವೇ ನೆನಪಿಸಬೇಕಾಗುತ್ತದೆ. ಮತ್ತೆ ಬೆಳಗಾಗುತ್ತಲೇ ಗೊರವಂಕ ಅಂಗಳದಲ್ಲಿ ಕೂತು ಹಳೆಯ ಪಾಠವನ್ನು ವಟವಟ ಒಪ್ಪಿಸುತ್ತದೆ, ನೀನು ಅದನ್ನು ಕಿವಿಯ ಮೇಲೆ ಹಾಕಿಕೊಳ್ಳದೆ, ಕಣ್ಣು ಬಿಟ್ಟವಳೇ ಅವ್ವ ಎಂದು ಕೂಗುತ್ತೀಯ.